ಗದ್ದೆಗಿಳಿದ ಯೆಜ್ಡಿ ಮತ್ತೆ ರಸ್ತೆಗೆ: ಒಂದು ಹಾಳೆಯ ಕೋರಿಕೆ

ಮಾನ್ಯ ಸಂಪಾದಕರೇ,

ಪೊಲೀಸರು ಬೈಕುಗಳಿಂದ ಕಿತ್ತ, ಕಿವಿ ಒಡೆಯುವ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಫೋಟೋ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದನ್ನು ನೋಡಿದಾಗಲೆಲ್ಲ ನಮ್ಮ ಕೊಡಗಿನ ತೋಟದ ಮನೆಗಳ ಶೆಡ್ಡಿನಲ್ಲಿ ನಿಂತಿರುವ ಹಳೇ ಟು-ಸ್ಟ್ರೋಕ್ ಬೈಕುಗಳು ನೆನಪಾಗುತ್ತವೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದು, ಕೊಯ್ಲಾಗಿ ಗದ್ದೆ ಒಣಗಿದ ಮೇಲೆ ರೇಸ್ ಬಿಡುವುದಕ್ಕೆ ಅಂತ ಲೈಟು, ಮಡ್‌ಗಾರ್ಡು, ಸೈಲೆನ್ಸರ್ ಎಲ್ಲ ಬಿಚ್ಚಿದ ಬೈಕುಗಳು. ಅವನ್ನು ಮತ್ತೆ ರಸ್ತೆಗೆ ತರುವ ಆಸೆ ನನಗೆ ಗೊತ್ತಿರುವ ನಾಲ್ಕೈದು ಮನೆಗಳಲ್ಲೇ ಇದೆ. ನಾನು ಎರಡು ವರ್ಷ ಕೂತು ಒಂದನ್ನು ತಂದಿದ್ದೇನೆ. ಅದಕ್ಕೇ ಈ ಪತ್ರ.

ನಮ್ಮದು ಯೆಜ್ಡಿ 250. ಅಪ್ಪ 1981ರಲ್ಲಿ ಮೈಸೂರಿನಿಂದ ತಂದದ್ದು. ಆಗ ಯೆಜ್ಡಿ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದೂ ಮೈಸೂರಿನಲ್ಲೇ. ಕಿಕ್ಕಿಗೂ ಗೇರಿಗೂ ಎಡಗಾಲಿನ ಕಡೆ ಒಂದೇ ಲಿವರ್. ನಾನು ಬೈಕ್ ಕಲಿತದ್ದು ಇದರಲ್ಲೇ. ಅಪ್ಪ ಕರಿಮೆಣಸಿನ ಚೀಲ ಕಟ್ಟಿಕೊಂಡು ಗೋಣಿಕೊಪ್ಪಕ್ಕೆ ಹೋಗುತ್ತಿದ್ದದ್ದೂ ಇದರಲ್ಲೇ. 1996ರಲ್ಲಿ ಕಾರ್ಖಾನೆ ಮುಚ್ಚಿತು, ಬಿಡಿಭಾಗ ಸಿಗುವುದು ಕಡಿಮೆಯಾಯಿತು. ಅಪ್ಪ ಜೀಪು ತಗೊಂಡರು. ಯೆಜ್ಡಿ ಅಣ್ಣನ ಕೈಗೆ ಹೋಯಿತು, ಅಲ್ಲಿಂದ ಗದ್ದೆಗೆ ಇಳಿಯಿತು. ಈಗ ಅಪ್ಪ ಇಲ್ಲ. ಅಣ್ಣ ಬೆಂಗಳೂರಿನಲ್ಲಿದ್ದಾನೆ. ತೋಟ ಮತ್ತು ಬೈಕು ಎರಡನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ನನಗೆ ಐವತ್ನಾಲ್ಕು ವರ್ಷ.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಲೈಟು. ಬಲ್ಬ್ ಹಾಕಿ ಎರಡು ವೈರ್ ಎಳೆದರೆ ಆಯಿತು ಅಂದುಕೊಂಡಿದ್ದೆ. ಮೂಲದಲ್ಲಿ ಈ ಬೈಕಿಗೆ 6 ವೋಲ್ಟಿನ ಡೈನಮೋ ಇತ್ತು. ಅದು ಸುಟ್ಟುಹೋದ ಮೇಲೆ ಅಣ್ಣ ಬೇರೆ ಬೈಕಿನ ಮ್ಯಾಗ್ನೆಟ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಭಾಗ) ಕೂರಿಸಿದ್ದ. ರೇಸಿಗೆ ಲೈಟ್ ಯಾಕೆ ಬೇಕು? ಹಾಗಾಗಿ ಅದರಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್, ಅಂದರೆ ತಂತಿ ಸುರುಳಿ, ಮಾತ್ರ ಇತ್ತು. ಲೈಟಿಗೆ, ಬ್ಯಾಟರಿ ಚಾರ್ಜಿಗೆ ಬೇರೆ ಕಾಯಿಲ್ ಬೇಕು. ಊರ ಹೊರಗಿನ ಒಂದು ಅಂಗಡಿಯಲ್ಲಿ ಕಾಯಿಲ್ ಸುತ್ತಿಸಿದೆ. ಅವರು ರೆಗ್ಯುಲೇಟರ್ ಬೇಡ ಅಂದರು, ನಾನು ನಂಬಿದೆ. ಮ್ಯಾಗ್ನೆಟ್ ಎಷ್ಟು ಜೋರಾಗಿ ತಿರುಗುತ್ತದೋ ವೋಲ್ಟೇಜು ಅಷ್ಟು ಏರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ರೆಗ್ಯುಲೇಟರ್. ಒಂದು ಸಂಜೆ ನಮ್ಮ ತೋಟದ ದಾರಿಯಲ್ಲೇ ಓಡಿಸಿ ನೋಡುತ್ತಿದ್ದೆ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಹೆಡ್‌ಲೈಟ್ ಒಮ್ಮೆ ಬೆಳ್ಳಗೆ ಹೊಳೆದು ಆರಿಹೋಯಿತು. ಹಿಂದಿನ ರಾತ್ರಿ ಆನೆ ಬಂದು ಹಲಸಿನ ಮರದ ಕೆಳಗೆ ಲದ್ದಿ ಹಾಕಿ ಹೋಗಿತ್ತು. ಕತ್ತಲಲ್ಲಿ ಬೈಕ್ ತಳ್ಳಿಕೊಂಡು ಮನೆಗೆ ಬರುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೆಗೆ ಸರಿ ಮಾಡಿಕೊಟ್ಟವರು ಕಾಫಿಗೆ ನೀರು ಹಾಯಿಸುವ ಪಂಪಿನ ಮೋಟಾರ್ ವೈಂಡಿಂಗ್ ಮಾಡುವ ನಮ್ಮೂರಿನ ಹಿರಿಯರು. ಬೈಕಿನ ಕಾಯಿಲ್ ಅವರು ಮುಟ್ಟಿದ್ದು ಅದೇ ಮೊದಲು. ಎರಡು ದಿನ ಬಿಚ್ಚಿ ನೋಡಿ, ಎರಡನ್ನು ಸುತ್ತಿ ಹಾಳು ಮಾಡಿ, ಮೂರನೆಯದನ್ನು ಸರಿಯಾಗಿ ಸುತ್ತಿದರು. ಈಗ 12 ವೋಲ್ಟಿನ ಬ್ಯಾಟರಿ, ರೆಗ್ಯುಲೇಟರ್, ಫ್ಯೂಸ್ ಎಲ್ಲ ಇದೆ. ಹಾರ್ನ್ ಕೂಗುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ಲೈಟ್ ಉರಿಯುತ್ತದೆ. ತಿತಿಮತಿ ಕಡೆ ಸಂಜೆ ಮಂಜಿನಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಸೈಲೆನ್ಸರ್ ಬಗ್ಗೆ ನಮ್ಮ ಹುಡುಗರಿಗೆ ಒಂದು ಮಾತು ಹೇಳಬೇಕು. ಟು-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಅಂದರೆ ಸದ್ದು ತಗ್ಗಿಸುವ ಡಬ್ಬಿ ಮಾತ್ರ ಅಲ್ಲ. ಹೊರಗೆ ಹೋದ ಹೊಗೆಯ ಅಲೆ ಪೈಪಿನೊಳಗೆ ಬಡಿದು ವಾಪಸ್ ಬರುತ್ತದೆ. ಹೊರಗೆ ಜಾರುತ್ತಿರುವ ಹೊಸ ಪೆಟ್ರೋಲ್ ಗಾಳಿಯನ್ನು ಅದು ಸಿಲಿಂಡರಿಗೆ ಹಿಂದಕ್ಕೆ ದೂಡುತ್ತದೆ. ಸುಮ್ನೆ ಕತ್ತರಿಸಿ ಬಿಟ್ಟರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಿಸದೆ ಹಾಗೇ ಓಡಿಸಿದರೆ ಪೆಟ್ರೋಲ್ ಸಾಲದೆ ಕಾದು ಪಿಸ್ಟನ್ ಹಿಡಿದುಕೊಳ್ಳಲೂಬಹುದು. ನಮ್ಮ ಬೈಕಿಗೆ ಅಣ್ಣ ಹಾಕಿದ್ದ ರೇಸ್ ಪೈಪ್ ತೆಗೆದು ಹಳೇ ಎರಡು ಸೈಲೆನ್ಸರನ್ನೇ ಹುಡುಕಿ ಹಾಕಿದೆ. ಒಳಗಿನ ಕರಿ ತೆಗೆಯುವುದಕ್ಕೆ ಒಂದು ಭಾನುವಾರ ಬೇಕಾಯಿತು. ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್, ಅಳತೆ ಲೋಟದಲ್ಲೇ ಹಾಕುತ್ತೇನೆ. ಪ್ಲಗ್ ಬಿಚ್ಚಿದರೆ ತುದಿ ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಇದೆ. ಹೊಗೆ ಪೂರ್ತಿ ಹೋಗಿಲ್ಲ, ಟು-ಸ್ಟ್ರೋಕಿನಲ್ಲಿ ಹೋಗುವುದೂ ಇಲ್ಲ. ಆದರೆ ತೋಟದ ಕೆಲಸದವರ ಲೈನ್‌ಮನೆಯ ಮಕ್ಕಳು ಈಗ ಬೈಕಿನ ಸದ್ದಿಗೆ ಬೆಚ್ಚಿ ಏಳುವುದಿಲ್ಲ.

ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ದೊಡ್ಡ ಹಲ್ಲಿನ ಡರ್ಟ್ ಟೈರ್ ಕೆಸರನ್ನು ಚೆನ್ನಾಗಿ ಕಚ್ಚುತ್ತದೆ, ಒದ್ದೆ ಟಾರಿನ ಮೇಲೆ ಜಾರುತ್ತದೆ. ನಮ್ಮ ಜೂನ್ ಜುಲೈ ಮಳೆಗೆ ರಸ್ತೆ ಟೈರೇ ಬೇಕು. ಚೈನ್ ಕೂರುವ ಹಿಂದಿನ ಹಲ್ಲುಚಕ್ರ (ಸ್ಪ್ರಾಕೆಟ್) ರೇಸಿಗೆ ದೊಡ್ಡದು ಹಾಕಿದ್ದರೆ ಮೊದಲಿನ ಅಳತೆಗೆ ತನ್ನಿ. ಇಲ್ಲದಿದ್ದರೆ ನಲವತ್ತರ ವೇಗಕ್ಕೇ ಎಂಜಿನ್ ಕಿರುಚುತ್ತದೆ. ಬ್ರೇಕ್ ಲೈನರ್ ಎರಡೂ ಹೊಸದು ಹಾಕಿಸಿ. ಅದರಲ್ಲಿ ಮಾತ್ರ ಉಳಿತಾಯ ಬೇಡ.

ಇನ್ನು ಕಾಗದ ಪತ್ರ. ಈ ಪತ್ರ ಬರೆದದ್ದೇ ಇದಕ್ಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರು ಮಾಡಿದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಇದನ್ನು ಓದಿ ಹೆದರಿ ಬೈಕನ್ನು ಗುಜರಿಗೆ ತೂಕಕ್ಕೆ ಕೊಟ್ಟವರನ್ನು ನಾನು ಬಲ್ಲೆ. ಆದರೆ ನಾನು ಮಾಡಿದ್ದು ಹೊಸ ಬದಲಾವಣೆ ಅಲ್ಲ. ಆರ್‌ಸಿಯಲ್ಲಿ ಏನು ಬರೆದಿದೆಯೋ ಆ ಬೈಕನ್ನೇ ವಾಪಸ್ ಕಟ್ಟಿದ್ದು. ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ವರ್ಗಾವಣೆಗೆ ಫಾರಂ 31, ಹದಿನೈದು ವರ್ಷ ದಾಟಿದ ಆರ್‌ಸಿ ನವೀಕರಣಕ್ಕೆ ಫಾರಂ 25. ಜೊತೆಗೆ ವಿಮೆ, ಹೊಗೆ ತಪಾಸಣೆ. ‘ಕೆಎ’ ಬರುವ ಮುಂಚಿನ ಮೂರಕ್ಷರದ ಹಳೇ ನಂಬರಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ (ಎಚ್‌ಎಸ್‌ಆರ್‌ಪಿ) ಬೇಕು. ನವೀಕರಣ ಐದು ವರ್ಷಕ್ಕೊಮ್ಮೆ.

ಐವತ್ತು ವರ್ಷ ದಾಟಿದ ಬೈಕು ಇರುವವರು ಒಂದು ವಿಷಯ ನೆನಪಿಡಿ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ಚೆಂದ ಕಾಣುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಅದನ್ನು ಮಾಡಿಸಿದರೆ ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಬಿಟ್ಟು ದಿನಾ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಸಂತೆಗೆ ಹೋಗಬೇಕು ಅನ್ನುವವರಿಗೆ ಅದು ದಾರಿಯಲ್ಲ.

ಸಾರಿಗೆ ಇಲಾಖೆಗೆ ನನ್ನ ಕೋರಿಕೆ ಎರಡು. ಹಳೇ ದ್ವಿಚಕ್ರ ವಾಹನದ ತಪಾಸಣೆಯಲ್ಲಿ ಏನೇನು ನೋಡುತ್ತೀರಿ, ಯಾವ ಫಾರಂ, ಎಷ್ಟು ಶುಲ್ಕ, ಇಷ್ಟನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಪಂಚಾಯಿತಿ ಕಚೇರಿಗಳಲ್ಲಿ ಅಂಟಿಸಿ. ಈ ಪತ್ರದಲ್ಲಿ ನಾನು ಬರೆದದ್ದನ್ನು ಕಲಿಯಲು ನನಗೆ ತಿಂಗಳುಗಳೇ ಹಿಡಿದವು. ಆ ಹಾಳೆ ಇದ್ದಿದ್ದರೆ ಒಂದು ಬೆಳಗ್ಗೆ ಸಾಕಿತ್ತು. ಎರಡನೆಯದು, ವರ್ಷಕ್ಕೆ ಒಂದು ದಿನ, ಮಳೆ ನಿಂತ ಮೇಲೆ, ಪ್ರತಿ ತಾಲೂಕು ಕೇಂದ್ರದಲ್ಲೂ ಹಳೇ ದ್ವಿಚಕ್ರ ವಾಹನಗಳಿಗೆ ಅಂತಲೇ ತಪಾಸಣೆ ಇಡಿ. ಆರ್‌ಸಿ ಮುಗಿದ ಬೈಕನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗುವಂತಿಲ್ಲ, ಅಲ್ವಾ? ಕುಟ್ಟದವರು ಮಡಿಕೇರಿಗೆ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಬೇಕು. ಬಾಡಿಗೆ ಲೆಕ್ಕ ಹಾಕಿಯೇ ಎಷ್ಟೋ ಜನ ಬೈಕನ್ನು ಶೆಡ್ಡಿನಲ್ಲೇ ಬಿಡುತ್ತಾರೆ.

ವೈಂಡಿಂಗ್ ಮಾಡಿಕೊಟ್ಟ ಹಿರಿಯರು ಕೈಯಲ್ಲೇ ಬರೆದ ವೈರಿಂಗ್ ಚಿತ್ರದ ನಕಲನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಕೇಳಿಕೊಂಡು ಬರುವ ಓದುಗರಿಗೆ ದಯವಿಟ್ಟು ಕೊಡಿ. ಅದರಲ್ಲಿ ಹಳದಿ ವೈರ್ ಹೋಗುವುದು ರೆಗ್ಯುಲೇಟರಿಗೆ, ಬ್ಯಾಟರಿಗೆ ಅಲ್ಲ.

ಇತಿ,
ಒಬ್ಬ ಕಾಫಿ ಬೆಳೆಗಾರ್ತಿ,
ಪೊನ್ನಂಪೇಟೆ ತಾಲೂಕು, ಕೊಡಗು