ಮಾನ್ಯ ಶಾಸಕರೇ, ಈ ಸಲ ನೀರಿಗೆ ಇಳಿಯಬೇಡಿ

ಮಾನ್ಯ ಶಾಸಕರೇ,

ನೆರೆ ಬಂದಾಗ ನೀವು ಜನರ ಹತ್ತಿರ ಬರುತ್ತೀರಿ, ಒಳ್ಳೆಯದೇ. ಆದರೆ ಮೊಣಕಾಲುದ್ದ ನೀರಿನಲ್ಲಿ ನಡೆದು ಫೋಟೊ ತೆಗೆಸಿಕೊಳ್ಳುವುದನ್ನು ಈ ಸಲ ದಯವಿಟ್ಟು ಬಿಡಿ. ಅದನ್ನು ನೋಡಿದವರು ಇಷ್ಟು ನೀರಿಗೆ ಏನೂ ಆಗಲ್ಲ ಅಂದುಕೊಳ್ಳುತ್ತಾರೆ.

ಆಗುತ್ತದೆ ಸ್ವಾಮಿ. ನಿಂತ ನೀರು ಬೇರೆ, ಹರಿಯುವ ನೀರು ಬೇರೆ. ರಭಸ ಇದ್ದರೆ 15 ಸೆಂಟಿಮೀಟರ್ ನೀರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್‌ಗೆ ಸಣ್ಣ ಕಾರು ತೇಲಬಹುದು, 60 ಆದರೆ ದೊಡ್ಡ ಗಾಡಿಯೂ ಕೊಚ್ಚಿ ಹೋಗಬಹುದು. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಾಡಿ ಭಾರ ಇದೆ, ದಾಟುತ್ತದೆ ಅನ್ನುವ ಧೈರ್ಯ ಸುಮ್ನೆ. ನೀರು ಏರಿದಷ್ಟೂ ಗಾಡಿಯನ್ನು ಮೇಲಕ್ಕೆತ್ತುತ್ತದೆ, ಚಕ್ರಕ್ಕೆ ರಸ್ತೆಯ ಹಿಡಿತ ತಪ್ಪುತ್ತದೆ. ಕೆಂಪು ನೀರಿನ ಅಡಿ ರಸ್ತೆ ಉಳಿದಿದೆಯೋ ಇಲ್ಲವೋ, ಅದೂ ಕಾಣಿಸುವುದಿಲ್ಲ.

ಹಾಗಾಗಿ ತಗ್ಗಿನ ಸೇತುವೆಗಳನ್ನು ನೀರು ಹತ್ತುವ ಮೊದಲೇ ಮುಚ್ಚಿಸಿ. ಎರಡೂ ಕಡೆ ಆಳ ತೋರಿಸುವ ಅಳತೆ ಕಂಬ ಹಾಕಿಸಿ, ರಾತ್ರಿಯೂ ಕಾಣುವ ಹಾಗೆ. ಬರೀ ಬ್ಯಾರಿಕೇಡ್ ಸಾಲದು, ಜನ ಸರಿಸಿಕೊಂಡು ಹೋಗುತ್ತಾರೆ. ಅಲ್ಲಿ ಒಬ್ಬರು ನಿಂತಿರಬೇಕು. ಯಾರ ಗಾಡಿಯನ್ನಾದರೂ ತಡೆಯುವ ಅಧಿಕಾರ ಅವರಿಗಿರಬೇಕು, ನಿಮ್ಮದೂ ಸೇರಿ.

ಇನ್ನು ಮೈಕಿನ ಎಚ್ಚರಿಕೆ. ‘ನದಿ ದಡದವರು ಜಾಗ್ರತೆಯಿಂದಿರಿ’ ಎಂದು ಕೂಗಿಕೊಂಡು ಹೋದರೆ ಕೇಳಿದವರು ಏನು ಮಾಡಬೇಕು? ಯಾವ ಬೀದಿಯವರು, ಎಷ್ಟು ಗಂಟೆಯೊಳಗೆ, ಯಾವ ದಾರಿಯಲ್ಲಿ, ಎಲ್ಲಿಗೆ ಹೋಗಬೇಕು ಎಂದು ಹೇಳಿಸಿ. ದನಕರುಗಳಿಗೆ ಎಲ್ಲಿ ಜಾಗ ಎಂಬುದನ್ನೂ ಹೇಳಿಸಿ. ಎಷ್ಟೋ ಜನ ಮನೆ ಬಿಡದೆ ಕೂರುವುದು ಅವುಗಳಿಗಾಗಿಯೇ ಅಲ್ವಾ? ಹೊರಡುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಆದರೆ ನೀರಿನಲ್ಲಿ ನಿಂತು ಮುಟ್ಟಬೇಡಿ ಎಂಬುದೂ ಅದರಲ್ಲಿ ಸೇರಲಿ.

ನೀರು ಇಳಿದ ಮೇಲಿನ ಇಲಿಜ್ವರ, ಹಾವು, ಕೆಟ್ಟ ಬಾವಿ ನೀರು ಇವನ್ನೆಲ್ಲ ಆರೋಗ್ಯ ಇಲಾಖೆಯವರು ನೋಡಿಕೊಳ್ಳಬಲ್ಲರು, ಬ್ಲೀಚಿಂಗ್ ಪೌಡರ್ ಮತ್ತು ಮಾತ್ರೆ ಸಮಯಕ್ಕೆ ತಲುಪಿದರೆ.

ಮಳೆಗಾಲ ಶುರುವಾಗುವ ಮುಂಚೆ ಯಾವ ಸೇತುವೆಗೆ ಯಾರು ಕಾವಲು, ನೀರು ಯಾವ ಗುರುತು ಮುಟ್ಟಿದರೆ ಮುಚ್ಚುತ್ತಾರೆ ಎಂಬ ಪಟ್ಟಿಯನ್ನು ಪಂಚಾಯಿತಿ ಬೋರ್ಡಿಗೆ ಹಾಕಿಸಿ. ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುವ ಒಂದು ಫೋನ್ ನಂಬರ್ ಅದರ ಕೆಳಗಿರಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ