ಪಡಿತರ ಚೀಟಿ ಅಕ್ಕಿಗಿರಲಿ, ಆಸ್ಪತ್ರೆಗೆ ಬೇಡ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ತಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ಒಂದು. ನಮ್ಮ ರಾಜ್ಯದಲ್ಲಿ ಕಾಯಿಲೆ ಬಿದ್ದವನಿಗೆ ಸರ್ಕಾರ ಎಷ್ಟು ನೆರವಾಗಬೇಕು ಎಂಬುದನ್ನು ಪಡಿತರ ಚೀಟಿ ತೀರ್ಮಾನಿಸುತ್ತಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಪಡಿಸಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಪ್ಯಾಕೇಜ್ ದರ 1 ಲಕ್ಷವಿದ್ದರೆ ಸರ್ಕಾರದ್ದು 30 ಸಾವಿರ, ಉಳಿದ 70 ಸಾವಿರ ಮನೆಯವರದ್ದು. ಅಕ್ಕಿಗಾಗಿ ಮಾಡಿದ ಈ ವಿಂಗಡಣೆಯನ್ನು ಆಸ್ಪತ್ರೆಯ ಬಾಗಿಲಿನಿಂದ ತೆಗೆದುಹಾಕಿ ಎಂದು ಕೇಳಲು ಈ ಪತ್ರ.

ನಾನು ವೈದ್ಯನಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಎಂಬ ಆರೋಗ್ಯ ರಕ್ಷಣಾ ಯೋಜನೆ ಬಂದಾಗ ಸದಸ್ಯರ ಮನೆಮನೆಗೆ ಹೋಗಿ ತಲೆಗೆ ವರ್ಷಕ್ಕೆ 60 ರೂಪಾಯಿಯಂತೆ ವಂತಿಗೆ ವಸೂಲು ಮಾಡಿದವರಲ್ಲಿ ನಾನೂ ಒಬ್ಬ. ಮೊದಲ ವರ್ಷ ಜನರನ್ನು ಒಪ್ಪಿಸುವುದು ಕಷ್ಟವಾಯಿತು. ಕಾಯಿಲೆ ಬಾರದಿದ್ದರೆ ಹಣ ವಾಪಸು ಕೊಡುತ್ತೀರಾ ಎಂದು ಕೇಳಿದವರೇ ಹೆಚ್ಚು. ಆಮೇಲೆ ನಮ್ಮ ಸಂಘದ ಸದಸ್ಯರೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಜಮೀನು ಅಡವಿಡದೆ ಅವರು ಮನೆಗೆ ಮರಳಿದ್ದನ್ನು ಊರೆಲ್ಲ ನೋಡಿತು. ಮುಂದಿನ ವರ್ಷ ವಂತಿಗೆ ಹಿಡಿದುಕೊಂಡು ಜನರೇ ಸಂಘದ ಕಚೇರಿಗೆ ಬಂದರು. ಯಶಸ್ವಿನಿಗೆ ಮಿತಿಗಳಿದ್ದವು, ನಿಜ. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸೀಮಿತವಾಗಿತ್ತು, ಸಹಕಾರ ಸಂಘದಲ್ಲಿ ಇಲ್ಲದವರಿಗೆ ಅದು ಇರಲಿಲ್ಲ. ಆದರೆ ಅದು ಯಾರಿಗೂ ನೀನು ಬಡವನೋ ಅಲ್ಲವೋ ಎಂದು ಕೇಳಲಿಲ್ಲ. ಸದಸ್ಯತ್ವ ಇದ್ದು ರಸೀದಿ ಇದ್ದರೆ ಸಾಕಿತ್ತು.

2018ರಲ್ಲಿ ಆ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದಾಗ, ಹಿಂದಿನ ದಿನದವರೆಗೆ ವಂತಿಗೆ ಕಟ್ಟಿ ರಕ್ಷಣೆ ಪಡೆದಿದ್ದ ರೈತರಲ್ಲಿ ಬಿಪಿಎಲ್ ಕಾರ್ಡ್ ಇಲ್ಲದವರೆಲ್ಲ ಶೇ 30ರ ಸಾಲಿಗೆ ಬಂದು ನಿಂತರು. 2022ರಲ್ಲಿ ಯಶಸ್ವಿನಿಯನ್ನು ಮತ್ತೆ ಆರಂಭಿಸಿದ್ದು ಒಳ್ಳೆಯ ಕೆಲಸ. ಗ್ರಾಮೀಣ ಪ್ರದೇಶದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಎಂದರೆ ಯಾರಿಗೂ ಹೊರೆಯಲ್ಲ. ಆದರೆ ನೋಂದಣಿಗೆ ಗಡುವಿದೆ. ಅದು ಮುಗಿದ ಮೇಲೆ ಕಾಯಿಲೆ ಬಂದವನು ಮುಂದಿನ ನೋಂದಣಿಯವರೆಗೆ ಕಾಯಬೇಕು. ಸಹಕಾರ ಸಂಘದ ಸದಸ್ಯನಲ್ಲದ ಗ್ಯಾರೇಜ್ ಕೆಲಸಗಾರ, ಬಟ್ಟೆ ಅಂಗಡಿಯ ಹುಡುಗಿ, ಹೋಟೆಲ್ ಅಡುಗೆಯವನು ಇವರಿಗೆಲ್ಲ ಆ ಬಾಗಿಲೂ ಇಲ್ಲ.

ಈ ಜನರ ಬಗ್ಗೆ ತಾವು ಸ್ವಲ್ಪ ಹೊತ್ತು ಯೋಚಿಸಬೇಕು. ಬಿಪಿಎಲ್ ಕಾರ್ಡ್ ಪಡೆಯಲು ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ತಿಂಗಳಿಗೆ 10 ಸಾವಿರ. ಇದೇ ಸರ್ಕಾರದ ಕಾರ್ಮಿಕ ಇಲಾಖೆ ಬಹುತೇಕ ಉದ್ಯೋಗಗಳಿಗೆ ಗೊತ್ತುಪಡಿಸಿರುವ ಕನಿಷ್ಠ ವೇತನವೇ ಅದಕ್ಕಿಂತ ಹೆಚ್ಚು. ಅಂದರೆ ಮಾಲೀಕನು ಕಾನೂನು ಪಾಲಿಸಿ ಕನಿಷ್ಠ ವೇತನ ಕೊಟ್ಟರೆ, ಆ ಕೆಲಸಗಾರನ ಮನೆ ಸರ್ಕಾರದ ಇನ್ನೊಂದು ಇಲಾಖೆಯ ಲೆಕ್ಕದಲ್ಲಿ ಬಡವರ ಪಟ್ಟಿಯಿಂದ ಆಚೆ ಬೀಳುತ್ತದೆ. ತಿಂಗಳ ಸಂಬಳ 21 ಸಾವಿರದೊಳಗೆ ಇದ್ದವರಿಗೆ ಕಾರ್ಮಿಕರ ವಿಮೆಯಾದ ಇಎಸ್‌ಐ ಇದೆಯಲ್ಲ ಎನ್ನಬಹುದು. ಅದು ನೋಂದಾಯಿತ ಸಂಸ್ಥೆಗಳಿಗೆ, ಸಾಮಾನ್ಯವಾಗಿ ಹತ್ತು ಜನ ಕೆಲಸ ಮಾಡುವಲ್ಲಿಗೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ಮೂರು ಜನ ಇದ್ದರೆ ಹೆಚ್ಚು. ಬಡತನದ ಯೋಜನೆಗೂ ಸೇರದ, ಖಾಸಗಿ ವಿಮೆಯ ಕಂತು ಕಟ್ಟಲೂ ಆಗದ ಇಂಥವರು ದೇಶದ ಜನಸಂಖ್ಯೆಯಲ್ಲಿ ಕನಿಷ್ಠ ಶೇ 30ರಷ್ಟು, ಸುಮಾರು 40 ಕೋಟಿ ಇದ್ದಾರೆ ಎಂದು ನೀತಿ ಆಯೋಗವೇ 2021ರ ವರದಿಯಲ್ಲಿ ಹೇಳಿದೆ.

ಉಳಿದ ಮಾನದಂಡಗಳು ಇನ್ನೂ ವಿಚಿತ್ರ. ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಇರಬಾರದು, ವೈಟ್ ಬೋರ್ಡ್ ಕಾರು, ಅಂದರೆ ಸ್ವಂತ ಬಳಕೆಯ ಕಾರು, ಇರಬಾರದು. ನಮ್ಮ ಕಡೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿಯೋ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿಯೋ ಇರುತ್ತದೆ. ಕಾಗದದಲ್ಲಿ ಎಲ್ಲರೂ ದೊಡ್ಡ ಹಿಡುವಳಿದಾರರು, ಪಾಲು ಹಾಕಿದರೆ ಒಬ್ಬೊಬ್ಬನಿಗೆ ಗುಂಟೆಗಳ ಲೆಕ್ಕ. ಬಸ್ಸು ಬಾರದ ಹಳ್ಳಿಯಲ್ಲಿ ಸಾಲ ಮಾಡಿ ಕೊಂಡ ಹಳೆಯ ಓಮ್ನಿ ಇದ್ದರೆ ಅವನು ಉಳ್ಳವನು.

ಅಂಥ ಒಬ್ಬನ ಸಂಗತಿ ಹೇಳುತ್ತೇನೆ. ಅಡಿಕೆ ಕೊನೆ ಕೊಯ್ಯುವ ಕೆಲಸದವನು. ಸುಗ್ಗಿಯ ಮೂರ್ನಾಲ್ಕು ತಿಂಗಳು ಮಾತ್ರ ಕೈತುಂಬ ದುಡಿಮೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ, ಉಳಿದಂತೆ ಸಿಕ್ಕಿದ್ದು. ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಜಿಲ್ಲೆಯಾಚೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಒಯ್ದರು. ಯೋಜನೆಯ ನಿಯಮದಂತೆ ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಿಲ್ಲ. ಆದರೂ ಮೊದಲು ಕೇಳಿದ್ದು ರೆಫರಲ್ ಪತ್ರ, ಆಮೇಲೆ ಕೇಳಿದ್ದು ಮುಂಗಡ. ಕೊನೆಗೆ ಕಂಪ್ಯೂಟರಿನಲ್ಲಿ ನೋಡಿ, ನಿಮ್ಮ ಕಾರ್ಡು ಎಪಿಎಲ್ ಎಂದು ತೋರಿಸುತ್ತಿದೆ ಎಂದರು. ಕಾರ್ಡು ಯಾವಾಗ ಬದಲಾಯಿತೆಂಬುದು ಮನೆಯವರಿಗೆ ಗೊತ್ತೇ ಇರಲಿಲ್ಲ. ಅವನ ಹೆಂಡತಿ ಕತ್ತಿನ ಸರವನ್ನೂ ಮಗಳ ಓಲೆಯನ್ನೂ ನಮ್ಮ ಸಂಘಕ್ಕೆ ತಂದು ಚಿನ್ನಾಭರಣ ಸಾಲ ಪಡೆದರು. ಸಂಘದ ಚಿನ್ನದ ಸಾಲದ ಲೆಡ್ಜರನ್ನು ವರ್ಷಗಟ್ಟಲೆ ಬರೆದವನು ನಾನು. ಉದ್ದೇಶ ಎಂಬ ಕಾಲಂನಲ್ಲಿ ಕೃಷಿ ಎಂದು ಬರೆಸಿದ್ದರೂ ಎಷ್ಟು ಸಾಲ ಆಸ್ಪತ್ರೆಗೆ ಹೋಗಿದೆ ಎಂಬುದು ನನಗೆ ಗೊತ್ತು.

2024ರ ನವೆಂಬರ್‌ನಲ್ಲಿ ಅನರ್ಹರೆಂದು ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಿದಾಗ ರಾಜ್ಯದಲ್ಲೆಲ್ಲ ಗದ್ದಲವಾಯಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ಮರಳಿಸುವಂತೆ ಮುಖ್ಯಮಂತ್ರಿಯವರು ಸೂಚಿಸಬೇಕಾಯಿತು. ಆಗ ಎಲ್ಲರೂ ಮಾತನಾಡಿದ್ದು ಅಕ್ಕಿಯ ಬಗ್ಗೆ. ನನಗೆ ಕಾಡಿದ ಪ್ರಶ್ನೆ ಬೇರೆ: ಆ ವಾರ ಆಸ್ಪತ್ರೆಯಲ್ಲಿ ಮಲಗಿದ್ದವರ ಗತಿಯೇನು? ಅಕ್ಕಿಯ ವಿಷಯದಲ್ಲಿ ತಪ್ಪಾದರೆ ಮುಂದಿನ ತಿಂಗಳು ಸರಿಪಡಿಸಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವನಿಗೆ, ಕೀಮೋಥೆರಪಿಯ ನಡುವೆ ಇರುವವಳಿಗೆ ಮುಂದಿನ ತಿಂಗಳು ಎಂಬುದು ಬಹಳ ದೂರ. ವೈದ್ಯಕೀಯ ತುರ್ತು ಇದ್ದವರಿಗೆ ಆದ್ಯತೆಯ ಮೇಲೆ ಬಿಪಿಎಲ್ ಕಾರ್ಡ್ ಕೊಡುವ ವ್ಯವಸ್ಥೆಯನ್ನು ಆಹಾರ ಇಲಾಖೆ ಮಾಡಿದೆ. ಕರುಣೆಯಿಂದಲೇ ಮಾಡಿದ್ದಾರೆ, ಸಂದೇಹವಿಲ್ಲ. ಆದರೆ ಗಂಡನನ್ನು ಐಸಿಯುವಿನಲ್ಲಿ ಬಿಟ್ಟು ಹೆಂಡತಿ ತಹಶೀಲ್ದಾರ್ ಕಚೇರಿಯಲ್ಲಿ ಕಾರ್ಡಿಗಾಗಿ ನಿಲ್ಲಬೇಕಾದ ಸ್ಥಿತಿಯನ್ನು ಅದು ಒಪ್ಪಿಕೊಂಡಂತಾಯಿತು, ತಪ್ಪಿಸಿದಂತಾಗಲಿಲ್ಲ.

ಇಂಥ ಯೋಜನೆಗಳು ಜೀವ ಉಳಿಸುತ್ತವೆ ಎಂಬುದಕ್ಕೆ ಪುರಾವೆ ನಮ್ಮ ರಾಜ್ಯದಲ್ಲೇ ಇದೆ. 2010ರಲ್ಲಿ ಬಿಪಿಎಲ್ ಕುಟುಂಬಗಳ ಉಚಿತ ಚಿಕಿತ್ಸೆಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಗೊಳಿಸಿದಾಗ, ಯೋಜನೆ ತಲುಪಿದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ತಲುಪದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಆ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತು. ಬಿಪಿಎಲ್ ಅಲ್ಲದ ಮನೆಗಳಲ್ಲಿ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆ ಅಧ್ಯಯನ ಚಿಕ್ಕ ಅವಧಿಯದು, ಅಂಕಿಯನ್ನು ಅಕ್ಷರಶಃ ಹಿಡಿದುಕೊಳ್ಳಬೇಕಿಲ್ಲ. ಆದರೂ ಒಂದೇ ಊರಿನ ಒಂದೇ ಬೀದಿಯಲ್ಲಿ ಕಾರ್ಡಿದ್ದ ಮನೆಗೆ ಒದಗಿದ ರಕ್ಷಣೆ ಪಕ್ಕದ ಮನೆಗೆ ಒದಗಲಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಕಾರ್ಡು ಕೇಳದೆ ಚಿಕಿತ್ಸೆ ಕೊಡುವುದು ಸರ್ಕಾರಕ್ಕೆ ಹೊಸದೇನಲ್ಲ. 2016ರಲ್ಲಿ ಆರಂಭವಾದ ಸಾಂತ್ವನ ಹರೀಶ್ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತಿತ್ತು. ಅವನು ಯಾರು, ಎಲ್ಲಿಯವನು ಎಂದು ಕೇಳುವಂತಿರಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಜೋರಾದಾಗ ಎಪಿಎಲ್, ಬಿಪಿಎಲ್ ಎನ್ನದೆ ಎಲ್ಲ ರೋಗಿಗಳಿಗೂ ಉಚಿತ ಚಿಕಿತ್ಸೆ ಎಂದು ತಮ್ಮ ಇಲಾಖೆಯೇ ಘೋಷಿಸಿತು. ಆ ಮಾತು ಕೇಳಿ ಇಲ್ಲಿಯ ಜನಕ್ಕೆ ಎಷ್ಟು ಧೈರ್ಯ ಬಂತೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಉಣ್ಣೆ ಹುಳದ ಕಡಿತದಿಂದ ಬಂದ ಈ ಜ್ವರಕ್ಕೆ ಕಾರ್ಡು ಬೇಡ ಎಂದಾದರೆ ಅಡಿಕೆ ಮರದಿಂದ ಬಿದ್ದವನಿಗೆ ಏಕೆ ಬೇಕು? ಕೇಂದ್ರ ಸರ್ಕಾರವೂ 2024ರ ಅಕ್ಟೋಬರ್‌ನಲ್ಲಿ 70 ವರ್ಷ ತುಂಬಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ರಕ್ಷಣೆ ಜಾರಿಗೆ ತಂದಿತು. ಅದರ ವೆಚ್ಚದಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂಬ ಲೆಕ್ಕ ಏನೇ ಇರಲಿ, ನಮ್ಮ ಹಿರಿಯರು ಆ ಲೆಕ್ಕ ಮುಗಿಯುವವರೆಗೆ ಕಾಯುವಂತಾಗಬಾರದು.

ಹಣ ಎಲ್ಲಿಂದ ಎಂದು ಹಣಕಾಸು ಇಲಾಖೆ ಕೇಳುತ್ತದೆ, ಕೇಳಬೇಕಾದದ್ದೇ. ಎಲ್ಲವನ್ನೂ ಪುಕ್ಕಟೆ ಕೊಡಿ ಎಂದು ನಾನು ಹೇಳುತ್ತಿಲ್ಲ. ರಾಜಸ್ಥಾನದಲ್ಲಿ 2021ರಲ್ಲಿ ಚಿರಂಜೀವಿ ಆರೋಗ್ಯ ವಿಮೆ ಯೋಜನೆ ತಂದಾಗ ಬಡವರು, ಸಣ್ಣ ರೈತರು, ಗುತ್ತಿಗೆ ನೌಕರರಿಗೆ ಉಚಿತ. ಉಳಿದ ಕುಟುಂಬಗಳು ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಬಹುದು ಎಂದರು. ನೆರೆಯ ಮಹಾರಾಷ್ಟ್ರ ತನ್ನ ಜನಾರೋಗ್ಯ ಯೋಜನೆಯನ್ನು ಪಡಿತರ ಚೀಟಿಯ ಬಣ್ಣ ನೋಡದೆ ಎಲ್ಲ ಕುಟುಂಬಗಳಿಗೂ ವಿಸ್ತರಿಸಲು 2023ರಲ್ಲಿ ನಿರ್ಧರಿಸಿತು. ಆಂಧ್ರ ಪ್ರದೇಶ ತನ್ನ ಆರೋಗ್ಯಶ್ರೀ ಯೋಜನೆಯ ಆದಾಯ ಮಿತಿಯನ್ನು ವರ್ಷಕ್ಕೆ 5 ಲಕ್ಷಕ್ಕೆ ಏರಿಸಿತು. ನಮ್ಮಲ್ಲಿ ಅದು ಇನ್ನೂ 1.20 ಲಕ್ಷದಲ್ಲೇ ನಿಂತಿದೆ. ಆದಾಯಕ್ಕೆ ತಕ್ಕಂತೆ ವಂತಿಗೆ ನಿಗದಿಮಾಡಿ. ಯಶಸ್ವಿನಿಗೆ ವಂತಿಗೆ ಕಟ್ಟಿದ ಜನ ಇದಕ್ಕೂ ಕಟ್ಟುತ್ತಾರೆ, ಇಪ್ಪತ್ತು ವರ್ಷದ ಅನುಭವದಿಂದ ಹೇಳುತ್ತೇನೆ. ಚಿನ್ನದ ಸಾಲಕ್ಕೆ ಕಟ್ಟುವ ಬಡ್ಡಿಯ ಮುಂದೆ ಅದು ಏನೂ ಅಲ್ಲ.

ಕಾರ್ಡಿನಷ್ಟೇ ಮುಖ್ಯವಾದ ಇನ್ನೊಂದು ಮಾತು. ಕಾರ್ಡು ಇದ್ದೂ ಆಸ್ಪತ್ರೆ ಇಲ್ಲದ ಜಿಲ್ಲೆ ನಮ್ಮದು. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ಆದರೆ ಘಟ್ಟದ ಮೇಲಿನ ನಮಗೆ ಕಾರವಾರಕ್ಕಿಂತ ಶಿವಮೊಗ್ಗವೇ ಹತ್ತಿರ. ತಲೆಗೆ ಪೆಟ್ಟಾದರೆ, ಹೃದಯದ ತೊಂದರೆಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡರು. ಆಗ ಇಡೀ ಜಿಲ್ಲೆ ಒಂದೇ ದನಿಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿತು. ಆ ಬೇಡಿಕೆಯನ್ನು ನಾನು ಇಲ್ಲಿ ಪೂರ್ತಿ ಬರೆಯುವುದಿಲ್ಲ, ಅದು ತಮ್ಮ ಮೇಜಿನ ಮೇಲೆ ಈಗಾಗಲೇ ಇದೆ. ವಿಮೆಯ ಹಣ ಸರ್ಕಾರಿ ಆಸ್ಪತ್ರೆಗೂ ಪಾವತಿಯಾಗುತ್ತದೆ ಎಂಬುದನ್ನಷ್ಟೇ ನೆನಪಿಸುತ್ತೇನೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ತಜ್ಞರನ್ನು ಕೊಟ್ಟರೆ ನಮ್ಮ ಜನರ ಹೆಸರಿನಲ್ಲಿ ಹೊರ ಜಿಲ್ಲೆಗಳ ಖಾಸಗಿ ಆಸ್ಪತ್ರೆಗಳಿಗೆ ಹರಿಯುವ ಹಣದಲ್ಲಿ ಒಂದು ಪಾಲಾದರೂ ಇಲ್ಲೇ ಉಳಿದು, ಇಲ್ಲಿಯ ಆಸ್ಪತ್ರೆ ಬೆಳೆಯುತ್ತದೆ.

ಬಜೆಟ್ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ತುರ್ತು ಚಿಕಿತ್ಸೆಗೆ ರೆಫರಲ್ ಬೇಡ, ಮುಂಗಡ ಕೇಳಕೂಡದು ಎಂಬ ನಿಯಮವನ್ನು ನೋಂದಾಯಿತ ಆಸ್ಪತ್ರೆಗಳ ತುರ್ತು ವಿಭಾಗದ ಬಾಗಿಲಲ್ಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಹಾಕಿಸಿ. ಅದರ ಕೆಳಗೆ ಆ ಆಸ್ಪತ್ರೆಯ ಆರೋಗ್ಯ ಮಿತ್ರರ, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯ, ಮೊಬೈಲ್ ಸಂಖ್ಯೆ ಇರಲಿ. ರಾತ್ರಿ ಹೊತ್ತು ಅವರು ಸಿಗುವುದಿಲ್ಲ ಎಂಬ ದೂರು ನಮ್ಮ ಕಡೆ ಸಾಮಾನ್ಯವಾಗಿದೆ. ಪಾಳಿಯ ಮೇಲೆ ಇಪ್ಪತ್ನಾಲ್ಕು ಗಂಟೆಯೂ ಒಬ್ಬರು ಇರುವಂತೆ ಮಾಡಿ. ಚಿಕಿತ್ಸೆ ನಡೆಯುತ್ತಿರುವ ರೋಗಿಯ ಕಾರ್ಡು ಯಾವ ಕಾರಣಕ್ಕೆ ಬದಲಾದರೂ ಆ ಚಿಕಿತ್ಸೆ ಮುಗಿಯುವವರೆಗೆ ಹಳೆಯ ಸೌಲಭ್ಯವೇ ಮುಂದುವರಿಯಬೇಕು ಎಂದು ಒಂದು ಆದೇಶ ಹೊರಡಿಸಿ. ಇದಕ್ಕೆ ಆಹಾರ ಇಲಾಖೆಯೂ ತಮ್ಮ ಇಲಾಖೆಯೂ ಒಮ್ಮೆ ಒಟ್ಟಿಗೆ ಕುಳಿತು ಮಾತನಾಡಿದರೆ ಸಾಕು. ಯಶಸ್ವಿನಿಯ ನೋಂದಣಿಯನ್ನು ವರ್ಷವಿಡೀ ತೆರೆದಿಡುವ ಬಗ್ಗೆ ಸಹಕಾರ ಸಚಿವರೊಂದಿಗೆ ಚರ್ಚಿಸಿ. ನೋಂದಾಯಿಸಿದ ಮೇಲೆ ಒಂದಿಷ್ಟು ದಿನ ಕಾಯಬೇಕೆಂಬ ಷರತ್ತು ಹಾಕಿದರೂ ಜನ ಒಪ್ಪುತ್ತಾರೆ.

ಇನ್ನು ದೊಡ್ಡ ಕೆಲಸ, ಅಂದರೆ ಪಡಿತರ ಚೀಟಿಯ ನಂಟು ಕಡಿಯುವುದು, ಮುಂದಿನ ಬಜೆಟ್‌ನಲ್ಲಿ ಆಗಬೇಕು. ಅಷ್ಟು ಬೇಗ ಆಗದು ಎಂದಾದರೆ ಎಪಿಎಲ್ ಕುಟುಂಬಗಳಿಗೆ ಸರ್ಕಾರ ಕೊಡುವ ಪಾಲನ್ನು ಶೇ 30ರಿಂದ ಎಷ್ಟಕ್ಕೆ ಏರಿಸುತ್ತೀರಿ, ಆದಾಯ ಮಿತಿಯನ್ನು ಯಾವಾಗ ಪರಿಷ್ಕರಿಸುತ್ತೀರಿ ಎಂಬುದನ್ನಾದರೂ ಸದನದಲ್ಲಿ ದಿನಾಂಕ ಸಮೇತ ತಿಳಿಸಿ. ತಮ್ಮ ಉತ್ತರವನ್ನು ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರೆದುರು ಓದಿ ಹೇಳುವ ಹೊಣೆ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಕೃಷಿ ಪತ್ತಿನ ಸಹಕಾರ ಸಂಘವೊಂದರ ನಿವೃತ್ತ ಕಾರ್ಯದರ್ಶಿ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ