ಅಪ್ಪನ ಪ್ರಶ್ನೆಗೆ ಸೌತಾಂಪ್ಟನ್‌ನಿಂದ ಉತ್ತರ

ಸೌತಾಂಪ್ಟನ್,
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ಗಾಜಿನ ಫೈಬರಿನಲ್ಲಿ ದೂರದಿಂದ ಬರುವ ಸಿಗ್ನಲಿನ ಬೆಳಕನ್ನು, ರಿಸೀವರ್ ಅದನ್ನು ಕರೆಂಟ್ ಮಾಡುವ ಮೊದಲೇ ಜಾಸ್ತಿ ಮಾಡುವುದು ಇಲ್ಲಿ ನನ್ನ ಕೆಲಸ ಅಂದಿದ್ದಕ್ಕೆ ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ಬೆಳಕು ಸೋತು ಬಂದರೇನಂತೆ? ಕರೆಂಟ್ ಆದಮೇಲೆ ಜಾಸ್ತಿ ಮಾಡಿಕೊಂಡ್ರೆ ಆಯ್ತಲ್ವಾ?" ಅಷ್ಟು ವರ್ಷ ಟೆಲಿಫೋನ್ ಕೇಬಲ್ ಜಾಯಿಂಟ್ ಮಾಡಿದವರ ಪ್ರಶ್ನೆ ಅದು. ಅವಸರದಲ್ಲಿ ಏನೋ ಹೇಳಿ ಫೋನ್ ಇಟ್ಟೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಒಳ್ಳೆ ಫೈಬರಿನಲ್ಲೂ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಬೆಳಕು ಹೋಗುತ್ತದೆ (ಬೆಳಕು ಎಷ್ಟು ಪಟ್ಟು ಕುಗ್ಗಿತು ಎನ್ನುವ ಅಳತೆ ಅದು). ಬೆಂಗಳೂರಿಂದ ಮಂಡ್ಯದಷ್ಟು ದೂರ, 100 ಕಿಲೋಮೀಟರ್ ಬರುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ. ಈಗ ನಮ್ಮೂರ ರಾಗಿ ಮಿಲ್ಲು ನೆನಪು ಮಾಡಿಕೊಳ್ಳಿ. ಮಿಲ್ಲೊಳಗೆ ಮೈಕ್ ಇಟ್ಟರೆ ನನ್ನ ಮಾತಿನ ಜೊತೆ ಮಿಲ್ಲಿನ ಸದ್ದೂ ಜೋರಾಗುತ್ತದೆ. ಬಾಗಿಲಲ್ಲೇ ನಿಂತು ನಾನು ಗಟ್ಟಿಯಾಗಿ ಕೂಗಿದರೆ ಒಳಗಿರುವ ನಿಮಗೆ ಕೇಳುತ್ತದೆ. ರಿಸೀವರ್ ಸರ್ಕ್ಯೂಟ್ ಆ ಮಿಲ್ಲಿನ ಹಾಗೆ, ಅದಕ್ಕೆ ತನ್ನದೇ ನಾಯ್ಸ್, ಅಂದರೆ ಬೇಡದ ಸದ್ದು, ಇದೆ. ಅದಕ್ಕೇ ಬೆಳಕನ್ನು ಕರೆಂಟ್ ಮಾಡುವ ಫೋಟೋಡಯೋಡ್ ಮುಟ್ಟುವ ಮೊದಲೇ ಬೆಳಕನ್ನು ಬೆಳಕಾಗಿಯೇ ಜಾಸ್ತಿ ಮಾಡಬೇಕು.

ಆ ಕೆಲಸ ಮಾಡುವುದು ಎರ್ಬಿಯಂ ಎಂಬ ಲೋಹದ ಅಂಶ ಬೆರೆಸಿದ ಕೆಲವೇ ಮೀಟರ್ ಫೈಬರ್. 1987ರಲ್ಲಿ ಡೇವಿಡ್ ಪೇನ್ ಅವರ ತಂಡ ಇದನ್ನು ಮಾಡಿ ತೋರಿಸಿದ್ದು ಇದೇ ಯೂನಿವರ್ಸಿಟಿಯಲ್ಲಿ. 980 ನ್ಯಾನೋಮೀಟರ್ ತರಂಗಾಂತರದ ಲೇಸರ್ ಎರ್ಬಿಯಂಗೆ ಶಕ್ತಿ ತುಂಬುತ್ತದೆ. 1550 ನ್ಯಾನೋಮೀಟರಿನ ಸಿಗ್ನಲ್ ಹಾದು ಹೋಗುವಾಗ ಆ ಶಕ್ತಿ ಅದೇ ಬಣ್ಣದ ಬೆಳಕಾಗಿ ಅದಕ್ಕೆ ಸೇರುತ್ತದೆ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ. ಆದರೆ ಲ್ಯಾಬಿನ ದೀಪ ಆರಿಸಿದರೆ ಫೈಬರ್ ಸುರುಳಿ ಹಸಿರಾಗಿ ಹೊಳೆಯುತ್ತದೆ ಅಪ್ಪ, ಭತ್ತದ ಒಟ್ಲಿನ ಎಳೆ ಹಸಿರು! ಮೊದಲ ದಿನ ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ಈ ಫೈಬರ್ ಆಂಪ್ಲಿಫೈಯರ್ ತನ್ನದೂ ಒಂದಿಷ್ಟು ನಾಯ್ಸ್ ಸೇರಿಸುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಸಿಗ್ನಲಿನ ಆಚೀಚೆ ಹರಡಿದ್ದನ್ನು ಫಿಲ್ಟರ್ ತಡೆಯುತ್ತದೆ. ನನ್ನ ಫಿಲ್ಟರ್ ಒಂದು ನ್ಯಾನೋಮೀಟರ್ ಪಕ್ಕಕ್ಕೆ ಸರಿದಿತ್ತು. ಅದು ಗೊತ್ತಾಗುವಷ್ಟರಲ್ಲಿ ಎರಡು ದಿನ ಹೋಯಿತು. ಸರಿಮಾಡಿದ ಮೇಲೆ, ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಆಂಪ್ಲಿಫೈಯರ್ ಇಲ್ಲದಿದ್ದಾಗ ಮೈನಸ್ 19 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಬೇಕಿದ್ದ ರಿಸೀವರಿಗೆ ಮೈನಸ್ 36 ಸಾಕಾಯಿತು. ಅಂದರೆ ಮೊದಲಿನ ಐವತ್ತರಲ್ಲಿ ಒಂದು ಪಾಲು ಬೆಳಕು. ನಷ್ಟ ಒಂದನ್ನೇ ಲೆಕ್ಕ ಹಾಕಿದರೆ ಇನ್ನೂ 85 ಕಿಲೋಮೀಟರ್ ದೂರ ಹೋಗಬಹುದು.

ಬುಧವಾರ ನಿಮಗೆ ರಾತ್ರಿ ಒಂಬತ್ತಾದಾಗ ಲ್ಯಾಬಿನಿಂದಲೇ ವಿಡಿಯೋ ಕಾಲ್ ಮಾಡುತ್ತೇನೆ. ಆ ಹಸಿರು ಸುರುಳಿ ತೋರಿಸಬೇಕು. ಅಮ್ಮನನ್ನೂ ಕೂರಿಸಿಕೊಳ್ಳಿ.

ಇಂತಿ ನಿಮ್ಮ ಪ್ರೀತಿಯ ಮಗಳು